ಕುರಿ ತುಳಿದ ಏರಿ

ಮದುವೆಯಾಗಿ ಸಂಸಾರಕ್ಕೆ ಬಂದ ಮೇಲೆ ನಮ್ಮವರು ನನ್ನನ್ನು ಮೊಟ್ಟಮೊದಲು ಕೇಳಿದ್ದು ಹಿಟ್ಟಿನ ಜರಡಿಯನ್ನು. ತವರಿನಿಂದ ತಂದ ಪಾತ್ರೆಗಳನ್ನು ಗೂಡಿನಲ್ಲಿ ಜೋಡಿಸುತ್ತಿದ್ದೆ. ಬಾಗಿಲಲ್ಲಿ ನಿಂತು, “ಅದನ್ನ ಸ್ವಲ್ಪ ಕೊಡ್ತೀಯಾ? ಸಾಯಂಕಾಲ ವಾಪಸ್ ಕೊಟ್ಬಿಡ್ತೀನಿ” ಅಂದರು. ಸಾಯಂಕಾಲ ಜರಡಿ ವಾಪಸ್ ಬಂತು. ಅದರ ಕಣ್ಣುಕಣ್ಣಿನಲ್ಲೂ ಕೆಮ್ಮಣ್ಣು ಕೂತಿತ್ತು. ತೊಳೆದೆ, ಉಜ್ಜಿದೆ, ಒಣಗಿಸಿದೆ. ಆದರೂ ಮಾರನೆಯ ದಿನದ ರೊಟ್ಟಿಯಲ್ಲಿ ಹಲ್ಲಿಗೆ ಮರಳು ಸಿಕ್ಕಿತು. ಅವರು ತುಟಿ ಪಿಟಕ್ಕೆನ್ನದೆ ತಿಂದರು. ಏನಾದರೂ ಅನ್ನುವ ಮುಖ ಅವರಿಗೆಲ್ಲಿತ್ತು!

ಆಗ ಯುದ್ಧದ ಕಾಲ. ಸಕ್ಕರೆಗೂ ಸೀಮೆಎಣ್ಣೆಗೂ ರೇಷನ್ನು. ನಮ್ಮವರು ಸರ್ಕಾರದ ಕೆಲಸದಲ್ಲಿ ಓವರ್‌ಸಿಯರ್ ಆಗಿದ್ದರು. ಮಧುರೆ ಹೋಬಳಿಯ ಒಂದು ಹಳ್ಳಿಯಲ್ಲಿ, ಪಟೇಲರ ಮನೆಯ ಪಕ್ಕಕ್ಕೆ ಅಂಟಿಕೊಂಡಿದ್ದ ಎರಡಂಕಣದ ಮನೆಯಲ್ಲಿ ನಮ್ಮ ಬಿಡಾರ. ನಾನು ದೊಡ್ಡಬಳ್ಳಾಪುರದ ಪೇಟೆಯಲ್ಲಿ ಮಗ್ಗದ ಸದ್ದು ಕೇಳಿಕೊಂಡು ಬೆಳೆದವಳು. ಅಪ್ಪ ಸ್ಕೂಲ್ ಮೇಷ್ಟ್ರು. ಹಳ್ಳಿಯಲ್ಲಿ ಜಮೀನಿದ್ದರೂ ನಾವು ಹೋಗುತ್ತಿದ್ದುದು ಹಬ್ಬಕ್ಕೆ ಮಾತ್ರ. ಮಣ್ಣು ಅಂದರೆ ಕಾಲಿಗೆ ಮೆತ್ತಿಕೊಳ್ಳುವ ವಸ್ತು ಅನ್ನುವುದಕ್ಕಿಂತ ಹೆಚ್ಚಿಗೆ ನನಗೆ ಗೊತ್ತಿರಲಿಲ್ಲ.

ಊರಿನ ಕೆರೆ ದೊಡ್ಡದು, ಅದರ ಏರಿ ಬಹಳ ಹಳೆಯದು. ನಾವು ಬರುವ ಹಿಂದಿನ ವರ್ಷ ಭಾರಿ ಮಳೆಗೆ ಏರಿ ಒಂದು ಕಡೆ ಒಡೆದಿತ್ತಂತೆ. ಬೇಸಿಗೆಯಲ್ಲಿ ಅವಸರವಸರವಾಗಿ ಮಣ್ಣು ತುಂಬಿಸಿ ಆ ಜಾಗ ಮುಚ್ಚಿಸಿದ್ದರು. ಮುಚ್ಚಿಸಿದವರಿಗೆ ವರ್ಗವಾಯಿತು, ನೋಡಿಕೊಳ್ಳುವುದಕ್ಕೆ ನಮ್ಮವರು ಬಂದರು. ಆ ವರ್ಷದ ಮಳೆಗೆ ಕೆರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು ನಿಂತಿತ್ತು. ಹೊಸ ಮಣ್ಣು ತುಂಬಿದ ಕಡೆ ಏರಿಯ ಹಿಂಬದಿಯಲ್ಲಿ, ಬುಡದ ಹತ್ತಿರ, ನೆಲ ಯಾವಾಗಲೂ ತೇವವಾಗಿರುತ್ತಿತ್ತು. ಮುಂಜಾನೆ ನೋಡಿದರೆ ನೀರು ಸಣ್ಣಗೆ ಒಸರಿ ಹೊಳೆಯುತ್ತಿತ್ತು.

ಅದರ ಕೆಳಗಡೆಯೇ ಪಟೇಲರ ಬಾಳೆತೋಟ. ಬೇರೆಯವರು ತೂಬಿನ ನೀರಿಗೆ ಸರದಿ ಕಾಯಬೇಕಾಗಿದ್ದರೆ, ಪಟೇಲರ ಬಾಳೆಗೆ ಹಗಲೂ ರಾತ್ರಿ ಪುಕ್ಕಟೆ ನೀರು. ಗೊನೆಗಳು ಆಳುದ್ದ ಬಿಟ್ಟಿದ್ದವು. ನಮ್ಮವರು ಹೋಗಿ ಒಸರಿನ ವಿಷಯ ಎತ್ತಿದಾಗ ಪಟೇಲರು ಮೀಸೆ ನೀವಿಕೊಂಡು ನಕ್ಕರು.

“ನೀವ್ಯಾಕೆ ಅದಕ್ಕೆ ಹೆದರ್ಕೊಂತೀರಿ ಓವರ್‌ಸಿಯರಪ್ನೋರೆ? ಕೆರೆಗೆ ನನ್ ಕಂಡ್ರೆ ಪ್ರೀತಿ. ಒಸಿ ಒಸಿ ನೀರು ಕೊಡ್ತೈತೆ. ನಿಮ್ಗೂ ಒಂದು ಗೊನೆ ಕಳಿಸ್ತೀನಿ, ತಗಳಿ.”

ಗೊನೆ ಬಂತು. ನಮ್ಮವರು ಒಂದು ಹಣ್ಣನ್ನೂ ಮುಟ್ಟಲಿಲ್ಲ, ನಾನು ಮುಟ್ಟಿದೆ. ಅಂಥ ಸಿಹಿಯಾದ ಹಣ್ಣನ್ನು ಬಿಡುವುದಾದರೂ ಹೇಗೆ?

ಹಿಟ್ಟಿನ ಜರಡಿಯಾದ ಮೇಲೆ ಹೆಂಚು ಹೋಯಿತು, ಒದ್ದೆ ಮಣ್ಣು ಹುರಿದು ಒಣಗಿಸುವುದಕ್ಕೆ. ಆಮೇಲೆ ಗಾಜಿನ ಲೋಟ ಹೋಯಿತು, ಅದರಲ್ಲಿ ಮಣ್ಣು ಕದಡಿಟ್ಟು ಮರಳು ಎಷ್ಟು ಬೇಗ ತಳಕ್ಕಿಳಿಯುತ್ತದೆ, ಜೇಡಿ ಎಷ್ಟು ಹೊತ್ತು ತೇಲುತ್ತದೆ ಅಂತ ನೋಡುವುದಕ್ಕೆ. ನನಗೆ ಕೋಪ ಬರಬೇಕಾಗಿತ್ತು, ಬರಲಿಲ್ಲ. ಆ ಮನುಷ್ಯ ಮದುವೆಯಾದ ಹೊಸತರಲ್ಲಿ ನನ್ನ ಹತ್ತಿರ ಬೇರೆ ಯಾವ ಮಾತನ್ನೂ ನೆಟ್ಟಗೆ ಆಡುತ್ತಿರಲಿಲ್ಲ, ನಾಚಿಕೆ. ಮಣ್ಣಿನ ಮಾತು ಬಂದರೆ ಮಾತ್ರ ನಾಲಿಗೆ ಸಡಿಲವಾಗುತ್ತಿತ್ತು. ಹಾಗಾಗಿ ಮಣ್ಣಿನ ಬಗ್ಗೆಯೇ ಕೇಳುತ್ತಿದ್ದೆ.

“ಇಷ್ಟೊಂದು ನೋಡ್ತೀರಲ್ಲ, ಮಣ್ಣಿನಲ್ಲಿ ಏನು ಹುಡುಕ್ತೀರಿ?” ಅಂತ ಒಂದು ದಿನ ಕೇಳಿದೆ.

“ಮಣ್ಣಿನಲ್ಲಿ ಮಣ್ಣಲ್ಲದ್ದು ಎಷ್ಟಿದೆ ಅಂತ” ಅಂದರು.

ನನಗೆ ಅರ್ಥವಾಗಲಿಲ್ಲ. ಒಂದು ಪಾವು ಕಡಲೆಕಾಳನ್ನು ಸೇರಿಗೆ ಸುರಿದು ತೋರಿಸಿದರು. ಕಾಳಿಗೂ ಕಾಳಿಗೂ ನಡುವೆ ಸಂದು ಇದೆಯಲ್ಲ, ಮಣ್ಣಿನ ಕಣಗಳ ನಡುವೆಯೂ ಹಾಗೇ ಸಂದುಗಳಿರುತ್ತವೆ, ಗಾಳಿ ನೀರು ಎರಡೂ ಓಡಾಡುವುದು ಅದರಲ್ಲೇ. ಏರಿ ನಿಲ್ಲುವುದೂ ಬೀಳುವುದೂ ಆ ಸಂದುಗಳ ಮೇಲೆ ಅಂದರು. ಇನ್ನೂ ಒಂದು ವಿಚಿತ್ರ ಹೇಳಿದರು. ಮರಳಿಗಿಂತ ಜೇಡಿಮಣ್ಣಿನಲ್ಲಿ ಖಾಲಿ ಜಾಗ ಹೆಚ್ಚಂತೆ, ಆದರೂ ಮರಳಿನಲ್ಲಿ ನೀರು ಓಡುತ್ತದೆ, ಜೇಡಿಯಲ್ಲಿ ಓಡುವುದಿಲ್ಲ. ಜೇಡಿಯ ಸಂದುಗಳು ಲೆಕ್ಕವಿಲ್ಲದಷ್ಟಿದ್ದರೂ ತೀರಾ ಸಣ್ಣವು, ನೀರಿಗೆ ನುಸುಳುವುದೇ ಕಷ್ಟ. “ಖಾಲಿ ಜಾಗ ಎಷ್ಟು ಅನ್ನೋದಲ್ಲ, ಯಾವ ಥರ ಅನ್ನೋದು ಮುಖ್ಯ” ಅಂದರು. ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಮುದ್ದೆಯ ಪ್ರಸಂಗ ನಡೆದದ್ದು ಕಾರ್ತಿಕ ಮಾಸದಲ್ಲಿ. ತವರಲ್ಲಿ ಮುದ್ದೆ ತೊಳಸುತ್ತಿದ್ದವಳು ಅಮ್ಮ, ನಾನು ತಿನ್ನುತ್ತಿದ್ದವಳು. ಗಂಡನ ಮನೆಯಲ್ಲಿ ಕೋಲು ಹಿಡಿದಾಗ ತೋಳಿನಲ್ಲಿ ಬಲವಿರಲಿಲ್ಲ. ಆ ದಿನ ಹಿಟ್ಟು ಒಟ್ಟಿಗೇ ಸುರಿದುಬಿಟ್ಟೆ, ಸರಿಯಾಗಿ ತೊಳಸಲಿಲ್ಲ. ಮೇಲೆ ನೋಡಿದರೆ ನುಣ್ಣಗೆ, ದುಂಡಗೆ ಮುದ್ದೆ ಕೂತಿದೆ. ನಮ್ಮವರು ಮುರಿದರು. ಒಳಗೆ ಗಂಟು. ಗಂಟನ್ನು ಒಡೆದರು. ಅದರೊಳಗೆ ಒಣ ಹಿಟ್ಟು ಬೆಳ್ಳಗೆ ಉದುರಿತು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಮಾತ್ರ ಆ ಗಂಟನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡು ನೋಡಿದರು. ಮುಖ ಅರಳಿತು.

“ಹೌದಲ್ಲ! ಹೆಂಟೆಗಳನ್ನ ಒಡೆಯದೆ ಹಾಗೇ ಸುರಿದಿದಾರೆ!” ಅಂದರು.

“ಏನು ಸುರಿದಿದಾರೆ?”

“ಏರಿಗೆ ಕಣೇ! ಬೇಸಿಗೆ ಮಣ್ಣು, ಒಣ ಹೆಂಟೆ. ಒಡೀಲಿಲ್ಲ, ನೀರು ಹಾಕಿ ತುಳಿಸ್ಲಿಲ್ಲ. ಮೇಲೆ ನುಣ್ಣಗಿದೆ, ಒಳಗೆ ಹೆಂಟೆ ಹೆಂಟೆ ನಡುವೆ ಬೆರಳು ಹೋಗುವಷ್ಟು ಸಂದು. ಹೆಂಟೆ ಒಳಗೆ ಜೇಡಿ ಎಷ್ಟು ಗಟ್ಟಿಯಿದ್ದರೆ ಏನು, ನೀರು ಹೆಂಟೆ ಒಳಗೆ ಯಾಕೆ ಹೋಗುತ್ತೆ? ಪಕ್ಕದ ಸಂದಿಯಲ್ಲಿ ಹೋಗುತ್ತೆ!”

ಅಷ್ಟು ಹೇಳಿ ಕೈ ತೊಳೆದು ಏರಿಗೆ ಹೊರಟೇಬಿಟ್ಟರು. ಊಟ ಪೂರ್ತಿ ಮಾಡಲಿಲ್ಲ. ಕೆಟ್ಟ ಮುದ್ದೆ ಮಾಡಿ ಗಂಡನನ್ನು ಅಷ್ಟು ಸಂತೋಷಪಡಿಸಿದ ಹೆಂಗಸು ಆ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಆದರೆ ಅನುಮಾನವಿದ್ದರೆ ಸಾಲದು, ಮೇಲಿನ ಎಂಜಿನಿಯರರಿಗೆ ತೋರಿಸಬೇಕು. ಅದಕ್ಕೆ ನಮ್ಮವರು ಏರಿಯ ತಲೆಯ ಮೇಲೆ, ನೀರಿಗೆ ದೂರವಾಗಿ, ಎರಡು ಕಡೆ ಸಣ್ಣ ಗುಂಡಿ ತೋಡಿ, ಅಲುಗಾಡದ ಹಾಗೆ ಚಾಕುವಿನಿಂದ ಎರಡು ಮಣ್ಣಿನ ತುಂಡುಗಳನ್ನು ಕೊರೆದು ತಂದರು. ಎರಡೂ ಬೆಲ್ಲದ ಅಚ್ಚಿನಷ್ಟು. ಒಂದು ಹಳೆಯ ಏರಿಯದು, ಇನ್ನೊಂದು ಹೊಸದಾಗಿ ತುಂಬಿದ ಕಡೆಯದು. ಅವೆರಡೂ ಎಷ್ಟೆಷ್ಟು ಜಾಗ ಹಿಡಿಯುತ್ತವೆ, ಎಷ್ಟೆಷ್ಟು ತೂಗುತ್ತವೆ ಅಂತ ನೋಡಬೇಕು. ಜಾಗ ಅಳೆಯುವುದಕ್ಕೆ ನೀರಿನಲ್ಲಿ ಮುಳುಗಿಸಬೇಕು. ಹಾಗೇ ಮುಳುಗಿಸಿದರೆ ಸಂದುಗಳಿಗೆ ನೀರು ನುಗ್ಗಿ ತುಂಡು ಕರಗುತ್ತದೆ. ಅದಕ್ಕೆ ಸುತ್ತ ಮೇಣ ಬಳಿಯಬೇಕು.

“ಮೇಣ ಇದೆಯಾ?” ಅಂತ ಕೇಳಿದರು.

ಇದ್ದದ್ದು ನನ್ನ ಕುಂಕುಮದ ಮೇಣ, ಹಣೆಗೆ ಹಚ್ಚಿಕೊಂಡು ಮೇಲೆ ಕುಂಕುಮ ಇಟ್ಟುಕೊಳ್ಳುವುದಕ್ಕೆ. ಅದು ಸಾಲದೆ ಪಟೇಲರ ಹೆಂಡತಿಯ ಹತ್ತಿರವೂ ಕೇಳಿ ತಂದೆ. ಕರಗಿಸಿ, ಬಟ್ಟೆಯ ಚೂರಿನಿಂದ ಬಳಿದು, ತುಂಡಿಗೆ ದಾರ ಕಟ್ಟಿ, ತಟ್ಟೆಯಲ್ಲಿಟ್ಟ ತುಂಬಿದ ಹಿತ್ತಾಳೆ ಚೊಂಬಿನೊಳಗೆ ಮೆಲ್ಲಗೆ ಇಳಿಬಿಡುತ್ತಿದ್ದೆವು. ದಾರ ನನ್ನ ಕೈಯಲ್ಲಿ, ತಟ್ಟೆ ಅವರ ಕೈಯಲ್ಲಿ. ಆಗ ಬಾಗಿಲಲ್ಲಿ ಯಾರೋ ಉಸಿರೆಳೆದುಕೊಂಡ ಸದ್ದಾಯಿತು.

ತಿರುಗಿ ನೋಡಿದರೆ ನಮ್ಮತ್ತೆ. ಶಿವಗಂಗೆ ಬೆಟ್ಟದ ಬುಡದ ಹಳ್ಳಿಯಿಂದ ಗಾಡಿ ಕಟ್ಟಿಸಿಕೊಂಡು, ಹೇಳದೆ ಕೇಳದೆ ಬಂದಿದ್ದರು. ತಲೆಯ ಮೇಲೆ ಅವರೆಕಾಯಿ ಗಂಟು. ಅವರಿಗೆ ಕಂಡದ್ದು ಮೇಣ, ದಾರ, ಮಣ್ಣಿನ ಗೊಂಬೆಯಂಥದ್ದು, ತುಂಬಿದ ಚೊಂಬು, ಹಣೆಯಲ್ಲಿ ಕುಂಕುಮವಿಲ್ಲದ ಸೊಸೆ.

“ಅಯ್ಯೋ ಶಿವನೇ!” ಅಂದವರೇ ಗಂಟನ್ನು ಕೆಳಗೆ ಹಾಕಿದರು. “ಯಾರ್‌ಗೋ ಮಾಟ ಮಾಡ್ತಾ ಕುಂತವ್ರಲ್ಲಪ್ಪೋ!”

ನಮ್ಮವರು, “ಅವ್ವ, ಮಾಟ ಅಲ್ಲ ಕಣವ್ವ, ಏರಿ ಮಣ್ಣು” ಅಂದರು.

“ಏರಿ ಮಣ್ಣಿಗೆ ಯಾರಾದ್ರೂ ಸ್ನಾನ ಮಾಡಿಸ್ತಾರಾ?”

ನನಗೆ ನಗು ತಡೆಯಲಾಗಲಿಲ್ಲ. ದಾರ ಹಿಡಿದ ಕೈ ಅಲುಗಿ ನೀರೆಲ್ಲ ತುಳುಕಿತು. ಅಳತೆ ಹಾಳಾಯಿತು, ಇನ್ನೊಮ್ಮೆ ಮಾಡಬೇಕಾಯಿತು. ಎರಡನೆಯ ಸಲ ಅತ್ತೆಯೇ ಮುಂದೆ ಕೂತು ನೋಡಿದರು. ಎರಡೂ ತುಂಡುಗಳಿಗೆ ಚೊಂಬಿನಿಂದ ಚೆಲ್ಲಿದ ನೀರು ಹೆಚ್ಚುಕಮ್ಮಿ ಒಂದೇ. ಆದರೆ ಪಟೇಲರ ಮನೆಯ ತಕ್ಕಡಿಗೆ ಹಾಕಿದಾಗ ಹಳೆಯ ಏರಿಯ ತುಂಡು ದಡಕ್ಕನೆ ಕೆಳಗೆ ಕೂತಿತು, ಹೊಸದು ಮೇಲಕ್ಕೆದ್ದಿತು. ಮಿಕ್ಕ ಚೂರುಗಳ ಮೇಲೆ ನಮ್ಮವರು ನೀರು ತೊಟ್ಟಿಕ್ಕಿಸಿದರು. ಹೊಸ ಮಣ್ಣಿನ ಮೇಲೆ ಬಿದ್ದದ್ದು ಬಿದ್ದ ಹಾಗೇ ಮಾಯವಾಯಿತು. ಹಳೆಯದರ ಮೇಲೆ ತೊಟ್ಟು ಕೆಸುವಿನೆಲೆಯ ಮೇಲಿನ ಹನಿಯಂತೆ ಬಹಳ ಹೊತ್ತು ನಿಂತಿತ್ತು.

“ಇದ್ರಾಗೆ ದಾರಿ ದೊಡ್ಡದಿದ್ದಂಗದೆ” ಅಂದರು ಅತ್ತೆ ಹೊಸದನ್ನು ತೋರಿಸಿ. ಆಮೇಲೆ ಹಳೆಯದನ್ನು ಮುಟ್ಟಿ, “ಇದ್ರಾಗೆ ನಮ್ ಬೆಟ್ಟದ ಬಂಡೆ ಸಂದಿ ಇದ್ದಂಗೆ, ಒಬ್ಬೊಬ್ಬರೇ ಅಡ್ಡಡ್ಡ ನುಗ್ಗಬೇಕು.” ಅತ್ತೆ ಒಂದು ವಾರ ಇದ್ದು ಹೋಗೋಣವೆಂದು ಬಂದವರು ವರ್ಷವಿಡೀ ನಮ್ಮಲ್ಲೇ ಉಳಿದರು.

ನಮ್ಮವರು ಮೇಲಕ್ಕೆ ಬರೆದು ಹಾಕಿದರು. ಉತ್ತರ ಬರುವ ಮೊದಲೇ ಮಳೆ ಬಂತು. ಆ ಕಾಲದಲ್ಲಿ ಬರಬಾರದ ಜಡಿಮಳೆ, ಎಲ್ಲಿಯೋ ಸಮುದ್ರದಲ್ಲಿ ಗಾಳಿಯೆದ್ದು ನಮ್ಮ ಬಯಲಿಗೆ ಸುರಿದದ್ದು. ಕೆರೆಯಲ್ಲಿ ನೀರು ಏರಿತು. ನಮ್ಮವರು ದಿನಾ ಬೆಳಿಗ್ಗೆ ಗಾಜಿನ ಲೋಟ ತೆಗೆದುಕೊಂಡು ಹೋಗಿ ಒಸರು ನೀರನ್ನು ಹಿಡಿದು ಬೆಳಕಿಗೆ ಎತ್ತಿ ನೋಡುತ್ತಿದ್ದರು. ತಿಳಿಯಾಗಿದ್ದರೆ ಬರೀ ನೀರು ಬರುತ್ತಿದೆ ಅಂತ. ಕದಡಿದ್ದರೆ ಏರಿಯ ಒಳಗಿನ ಮಣ್ಣನ್ನೇ ಹೊತ್ತು ತರುತ್ತಿದೆ ಅಂತ. ಸಂದು ದೊಡ್ಡದಾದಷ್ಟೂ ನೀರು ಜೋರು, ನೀರು ಜೋರಾದಷ್ಟೂ ಸಂದು ದೊಡ್ಡದು. ಅದು ಶುರುವಾದರೆ ಏರಿ ಒಳಗಿಂದೊಳಗೇ ಟೊಳ್ಳಾಗುತ್ತದೆ.

ಮಳೆ ನಿಂತ ಮೂರನೆಯ ಬೆಳಿಗ್ಗೆ ನಾನೂ ಜೊತೆಗೆ ಹೋಗಿದ್ದೆ. ಲೋಟದಲ್ಲಿ ನೀರು ಕೆಂಪಕ್ಕಿಯ ಅಕ್ಕಚ್ಚಿನ ಬಣ್ಣಕ್ಕಿತ್ತು. ಒಸರುತ್ತಿದ್ದ ಜಾಗದಲ್ಲಿ ಇಲಿ ಬಿಲದಷ್ಟು ತೂತು. ಅದರ ಬಾಯಿಯಲ್ಲಿ ನುಣ್ಣನೆಯ ಮಣ್ಣು ಇರುವೆಗೂಡಿನ ಹಾಗೆ ಗುಪ್ಪೆಯಾಗಿತ್ತು. ಪಟೇಲರು ಬಾಳೆತೋಟದಿಂದ ಬಂದರು.

“ನೋಡಿ ಇಲ್ಲಿ” ಅಂದರು ನಮ್ಮವರು.

“ಏನೈತೆ ನೋಡಾಕೆ? ಒಸಿ ಕೆಂಪ್ ನೀರು” ಅನ್ನುತ್ತಾ ಪಟೇಲರು ಕೈಯಲ್ಲಿದ್ದ ದೊಣ್ಣೆಯನ್ನು ತೂತಿಗೆ ಇಟ್ಟರು. ಒತ್ತಲೂ ಇಲ್ಲ. ದೊಣ್ಣೆ ಬೆಣ್ಣೆಗೆ ಹೋದ ಹಾಗೆ ಹಿಡಿಯವರೆಗೂ ಒಳಗೆ ಹೋಯಿತು. ಒಂದು ಕ್ಷಣ ದೊಣ್ಣೆಯನ್ನು ಈಚೆಗೆ ತೆಗೆಯಲೂ ಅವರಿಗೆ ಧೈರ್ಯ ಬರಲಿಲ್ಲ.

“ಓವರ್‌ಸಿಯರಪ್ಪಾ, ಈಗೇನ್ ಮಾಡಾನ?” ಅಂದರು. ದನಿ ಸಣ್ಣಗಾಗಿತ್ತು.

ಪಟೇಲರು ಕೂಗಿದರೆ ಊರು ಬರುತ್ತಿತ್ತು. ಬಂತು. ತೂಬು ಎತ್ತಿಸಿ ಕೆರೆಯ ನೀರು ಇಳಿಯುವುದಕ್ಕೆ ಬಿಟ್ಟರು. ಜನ ಜೇಡಿಮಣ್ಣಿನ ಉಂಡೆಗಳನ್ನು ತಂದು ತೂತಿಗೆ ಮೆತ್ತುವುದಕ್ಕೆ ಹೋದರು. ನಮ್ಮವರು ಎರಡೂ ಕೈ ಅಡ್ಡ ಹಿಡಿದು ನಿಂತರು.

“ಮುಚ್ಚಬೇಡಿ! ಇಲ್ಲಿ ಮುಚ್ಚಿದರೆ ಇನ್ನೊಂದು ಕಡೆ ಕಿತ್ಕೊಳ್ಳುತ್ತೆ. ನೀರು ಹೋಗಲಿ, ಮಣ್ಣು ಹೋಗಬಾರದು. ಹಳ್ಳದಿಂದ ಮರಳು ತನ್ನಿ!”

ಯಾರೂ ಕದಲಲಿಲ್ಲ. ನೀರು ಸೋರುತ್ತಿರುವ ಕಡೆ ಮರಳು ಹಾಕುವುದೇ? ನನಗೆ ತಟ್ಟನೆ ಹೊಳೆದು, ಊರಿನವರ ಜೊತೆ ಬಂದಿದ್ದ ಅತ್ತೆಗೆ ಹೇಳಿದೆ, “ಕಾಫಿ ಶೋಧಿಸೋ ಬಟ್ಟೆ ಇದ್ದಹಾಗೆ ಅತ್ತೆ, ಡಿಕಾಕ್ಷನ್ ಬಿಡುತ್ತೆ, ಪುಡಿ ಬಿಡಲ್ಲ.” ಅತ್ತೆ ಅದನ್ನೇ ಏರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿ, ಯಾರದೋ ತಲೆಯ ಮೇಲಿದ್ದ ಮಂಕರಿ ಕಿತ್ತುಕೊಂಡು ಹಳ್ಳದ ಕಡೆ ನಡೆದರು. ಅವರ ಹಿಂದೆ ಹೆಂಗಸರು, ಹೆಂಗಸರ ಹಿಂದೆ ಗಂಡಸರು. ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು. ಮಧ್ಯಾಹ್ನದ ಹೊತ್ತಿಗೆ ಕಲ್ಲುಗಳ ಸಂದಿಯಿಂದ ನೀರು ಹರಿಯುತ್ತಲೇ ಇತ್ತು. ನಮ್ಮವರು ಲೋಟ ಹಿಡಿದರು. ತಿಳಿಯಾಗಿತ್ತು. ಪಟೇಲರು ಲೋಟ ಕಿತ್ತುಕೊಂಡು ಆ ನೀರನ್ನು ಗಟಗಟ ಕುಡಿದುಬಿಟ್ಟರು, ನಂಬಿಕೆಗೋ ಬಾಯಾರಿಕೆಗೋ ಗೊತ್ತಿಲ್ಲ.

ಬೇಸಿಗೆಯಲ್ಲಿ ಕೆರೆ ಒಣಗಿದ ಮೇಲೆ ಹೊಸ ಮಣ್ಣನ್ನೆಲ್ಲ ಅಗೆದು ತೆಗೆದು ಮತ್ತೆ ತುಂಬುವ ಅಪ್ಪಣೆ ಬಂತು. ಮಣ್ಣು ಅದೇ ಮಣ್ಣು. ಕ್ರಮ ಬೇರೆ. ಹೆಂಟೆ ಒಡೆದು ಪುಡಿ ಮಾಡಬೇಕು, ಗೇಣಿಗಿಂತ ಕಡಿಮೆ ದಪ್ಪಕ್ಕೆ ಹರಡಬೇಕು, ನೀರು ಚಿಮುಕಿಸಬೇಕು, ತುಳಿಸಬೇಕು, ಆಮೇಲೆ ಅದರ ಮೇಲೆ ಇನ್ನೊಂದು ಪದರ. ನೀರು ಕಡಿಮೆಯಾದರೆ ಕಣಗಳು ಒಂದಕ್ಕೊಂದು ಜಾರಿ ಕೂರುವುದಿಲ್ಲ. ಹೆಚ್ಚಾದರೆ ಸಂದುಗಳಲ್ಲಿ ನೀರೇ ಕೂತುಬಿಡುತ್ತದೆ, ತುಳಿದರೆ ಕೆಸರಾಗಿ ಪಕ್ಕಕ್ಕೆ ಸರಿಯುತ್ತದೆ. ನಮ್ಮವರು ಇದನ್ನು ನೀರು ಹಾಕುವ ಹೆಂಗಸರಿಗೆ ಹೇಳಿ ಹೇಳಿ ಸೋತರು. ಕೊನೆಗೆ ಅತ್ತೆ, “ಅಷ್ಟುದ್ದ ಯಾಕೋ ಮಗ ಹೇಳ್ತಿದೀಯ? ತಂಬಿಟ್ಟಿನ ಹದ ಅನ್ನು” ಅಂದರು. ಹಿಡಿ ತುಂಬ ಮಣ್ಣು ತೆಗೆದುಕೊಂಡು ಅಮುಕಿದರೆ ಉಂಡೆ ಕಟ್ಟಬೇಕು, ಅಂಗೈಗೆ ಮೆತ್ತಬಾರದು. ಹದ ಅಂದ ಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ತುಳಿಸುವುದೇ ತೊಡಕಾಯಿತು. ಸುತ್ತಿನಲ್ಲಿದ್ದ ರೋಲರುಗಳೆಲ್ಲ ವಿಮಾನ ಇಳಿಯುವ ಬಯಲು ಮಾಡುವುದಕ್ಕೆ ಹೋಗಿದ್ದವು. ಆಳುಗಳು ದಿಮ್ಮಸು ಹಿಡಿದು ಬಡಿದರೆ ಮಳೆಗಾಲದೊಳಗೆ ಕೆಲಸ ಮುಗಿಯುವ ಹಾಗಿರಲಿಲ್ಲ. ಎತ್ತುಗಳು ಉಳುಮೆಗೆ ಬೇಕು. ಆಗ ಪಟೇಲರ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿಮಂದೆ ನಿಲ್ಲಿಸಿದ್ದ ಒಬ್ಬ ಕುರಿಯಜ್ಜ ನಮ್ಮವರ ಕಣ್ಣಿಗೆ ಬಿದ್ದ. ಕುರಿಯ ಕಾಲು ಸಣ್ಣದು, ಗೊರಸು ಚೂಪು. ಮೈಭಾರವೆಲ್ಲ ಅಷ್ಟು ಸಣ್ಣ ಜಾಗದ ಮೇಲೆ ಬೀಳುತ್ತದೆ. ಪದರದ ತಳದಿಂದ ಮೇಲಕ್ಕೆ ಮಣ್ಣನ್ನು ಕುಟ್ಟಿದ ಹಾಗಾಗುತ್ತದೆ. ಹೊರದೇಶದಲ್ಲಿ ಇದೇ ಥರದ ಗೊರಸುಗಳಿರುವ ಕಬ್ಬಿಣದ ರೋಲರ್ ಇದೆಯೆಂದು ನಮ್ಮವರು ಓದಿದ್ದರಂತೆ. “ಅದನ್ನ ನೋಡಿ ಇದನ್ನ ಮಾಡಿದ್ದಲ್ಲ, ಇದನ್ನ ನೋಡಿ ಅದನ್ನ ಮಾಡಿದ್ದು” ಅಂದರು, ತಮಗೆ ತಾವೇ ಖುಷಿಪಟ್ಟು.

ಅಜ್ಜ ಒಪ್ಪಿದ. ಕುರಿಗಳು ಒಪ್ಪಲಿಲ್ಲ. ಏರಿ ಹತ್ತಿದವು, ಹೊಸ ಮಣ್ಣಿನ ಅಂಚಿಗೆ ಬಂದು ನಿಂತವು. ಹಿಂದಿನಿಂದ ಅಟ್ಟಿದರೆ ಎರಡೂ ಪಕ್ಕಕ್ಕೆ ಚೆಲ್ಲಿ ಇಳಿದು ಓಡಿದವು. ಒಂದು ಟಗರು ನಮ್ಮವರ ಕೊಡೆಯನ್ನೇ ಗುದ್ದಿ ಬೀಳಿಸಿತು. ಊರೆಲ್ಲ ಬಂದು ಏರಿಯ ಕೆಳಗೆ ಕೂತು ನೋಡುತ್ತಿತ್ತು. ಅಜ್ಜ ತಲೆ ಕೆರೆದುಕೊಂಡು, “ಕುರೀನ ಹಿಂದಿಂದ ಅಟ್ಟಿದ್ರೆ ಆಗಾಕಿಲ್ಲ ಸ್ವಾಮಿ, ಮುಂದ್ಗಡೆ ಆಸೆ ತೋರಿಸ್ಬೇಕು. ಒಣಗಿದ ಜಾಲಿಕಾಯಿ ಅಲ್ಲಾಡಿಸ್ತಾ ಯಾರಾನ ಮುಂದೆ ನಡೀಲಿ” ಅಂದ.

ಆಳುಗಳು ನಾಚಿಕೊಂಡರು. ಕುರಿಯ ಮುಂದೆ ಬುಟ್ಟಿ ಅಲ್ಲಾಡಿಸಿಕೊಂಡು ನಡೆಯುವುದೇ, ಊರು ನೋಡುತ್ತಿರುವಾಗ! ನನಗೆ ಅದೆಲ್ಲಿಂದ ಧೈರ್ಯ ಬಂತೋ. ಬುಟ್ಟಿ ಎತ್ತಿಕೊಂಡೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಜಾಲಿಕಾಯಿ ಗಲಗಲ ಅಂದ ತಕ್ಷಣ ಟಗರು ಕಿವಿ ನಿಮಿರಿಸಿತು. ನಾನು ನಡೆದೆ. ಹಿಂದೆ ದಬದಬ ಸದ್ದು. ತಿರುಗಿ ನೋಡಿದರೆ ಮಂದೆಗೆ ಮಂದೆಯೇ ಮೈಗೆ ಮೈ ಒತ್ತಿಕೊಂಡು ಬರುತ್ತಿದೆ. ಆ ತುದಿ ಮುಟ್ಟಿ ತಿರುಗಿದೆ, ಅವೂ ತಿರುಗಿದವು. ಕೆಳಗಿನಿಂದ ಕೇಕೆ, ಚಪ್ಪಾಳೆ. ಅತ್ತೆ ಬೈಯುತ್ತಾರೇನೋ ಅಂತ ಓರೆಗಣ್ಣಿನಲ್ಲಿ ನೋಡಿದೆ. ಅವರು ಎರಡನೆಯ ಬುಟ್ಟಿ ತುಂಬಿಸುತ್ತಿದ್ದರು. “ಒಬ್ಳೇ ನಡೆದ್ರೆ ಕಾಲು ನೋಯ್ತದೆ, ಆ ಸುತ್ತು ನಂದು” ಅಂದರು.

ಹಾಗೆ ಆ ಬೇಸಿಗೆಯೆಲ್ಲ ಅತ್ತೆ ಸೊಸೆ ಸರದಿಯ ಮೇಲೆ ಕುರಿ ನಡೆಸಿದೆವು. ಊರು ನನಗೆ ಕುರಿ ಓವರ್‌ಸಿಯರಮ್ಮ ಅಂತ ಹೆಸರಿಟ್ಟಿತು. ಪ್ರತಿ ಪದರ ತುಳಿದಾದ ಮೇಲೆ ಹಿಕ್ಕೆಯನ್ನೆಲ್ಲ ಗುಡಿಸಿ ತೆಗೆಯಬೇಕಾಗಿತ್ತು. ಅದು ಒಳಗೆ ಉಳಿದರೆ ಕೊಳೆತು ಅಲ್ಲೇ ಹೊಸ ಸಂದು ಬೀಳುತ್ತದೆ. ಆ ಹಿಕ್ಕೆ ಯಾರಿಗೆ ಅನ್ನುವುದಕ್ಕೆ ಜಗಳವಾಗಿ, ಕೊನೆಗೆ ಪುಕ್ಕಟೆ ನೀರು ಕಳೆದುಕೊಳ್ಳುವ ಪಟೇಲರ ಬಾಳೆಗೆ ಹೋಗಲಿ ಅಂತ ಪಂಚಾಯ್ತಿಯಾಯಿತು.

ಮೇಲಿನ ಎಂಜಿನಿಯರರು ನೋಡಲು ಬಂದದ್ದು ಅತ್ತೆಯ ಸರದಿಯಲ್ಲಿ. ಕಾರು ಇಳಿದು ಏರಿ ಹತ್ತಿ ಸುತ್ತ ನೋಡಿದರು. ದೊಡ್ಡ ಟೋಪಿ, ಗಂಭೀರ ಮುಖ.

“ಕಾಂಪ್ಯಾಕ್ಷನ್ ಆಗ್ತಿದೆ ಅಂತ ಬರೆದಿದ್ರಿ. ರೋಲರ್ ಎಲ್ರೀ?”

ನಮ್ಮವರಿಗೆ ತಮಾಷೆ ಮಾಡುವ ಅಭ್ಯಾಸವೇ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. “ಅರ್ಧ ಮೇಯ್ತಾ ಇದೆ ಸಾರ್, ಇನ್ನರ್ಧ ನಮ್ಮ ತಾಯಿ ಹಿಂದೆ ಬರ್ತಾ ಇದೆ.”

ಎಂಜಿನಿಯರರು ತಿರುಗಿ ಅತ್ತೆಯನ್ನೂ ಕುರಿಗಳನ್ನೂ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಕೈಯಲ್ಲಿದ್ದ ಚೂಪು ತುದಿಯ ಕೋಲನ್ನು ಮಣ್ಣಿಗೆ ಚುಚ್ಚಿದರು. ಇಳಿಯಲಿಲ್ಲ. ಇನ್ನೊಂದು ಕಡೆ ಮೈಭಾರ ಬಿಟ್ಟು ಚುಚ್ಚಿದರು. ಉಗುರಿನಷ್ಟು ಇಳಿದು ನಿಂತಿತು. ನಮ್ಮ ಮನೆಗೆ ಬಂದು ಬೆಲ್ಲದ ಕಾಫಿ ಕುಡಿದರು. ತುಳಿದ ಮಣ್ಣಿನ ತುಂಡಿಗೆ ಮೇಣ ಬಳಿದು ಚೊಂಬಿನಲ್ಲಿ ಮುಳುಗಿಸಿ ತೋರಿಸಿದೆವು. ತೂಕ ಹಳೆಯ ಏರಿಯದಕ್ಕೆ ಸರಿಸಮ ಬಂತು. “ನಡೆಸಿ” ಅಂದರು, ಅಷ್ಟೇ. ಹೋಗುವಾಗ ಅತ್ತೆಗೆ ಕೈಮುಗಿದು ಹೋದರು.

ಆ ವರ್ಷ ಮಳೆ ಚೆನ್ನಾಗಿ ಆಯಿತು. ಕೆರೆಗೆ ನೀರು ಬರುತ್ತಿದ್ದ ದಿನಗಳಲ್ಲಿ ನಮ್ಮವರು ಊಟದ ಮೇಲೆ ಗಮನವಿಲ್ಲದೆ ಇದ್ದರು. ನಾನೂ ಹಾಗೇ ಇದ್ದೆ. ಮೊದಲ ಸಲ ನೀರು ಹೊಸ ಭಾಗಕ್ಕೆ ತಾಗಿದ ಬೆಳಿಗ್ಗೆ ಇಬ್ಬರೂ ಏರಿಯ ಹಿಂಬದಿಗೆ ಹೋಗಿ ಬುಡದಲ್ಲಿ ಕೈಯಿಟ್ಟು ನೋಡಿದೆವು. ಒಣಗಿತ್ತು. ವಾರ ಕಳೆದ ಮೇಲೂ ಅಂಗೈಗೆ ತಂಪು ತಾಗುತ್ತಿತ್ತೇ ಹೊರತು ನೀರು ತಾಗುತ್ತಿರಲಿಲ್ಲ. ಪಟೇಲರು ಮಾತ್ರ ಒಂದು ದಿನ ಬಂದು, ಬಾಳೆಗೆ ಈಗ ಎಲ್ಲರ ಹಾಗೆ ತೂಬಿನ ಸರದಿ ಕಾಯಬೇಕಾಗಿದೆಯೆಂದು ಗೊಣಗಿದರು. ಗೊಣಗಿ, ಒಂದು ಗೊನೆ ಇಟ್ಟು ಹೋದರು. ಆ ಸಲ ನಮ್ಮವರೂ ತಿಂದರು.

ಕೆರೆ ತುಂಬಿ ಕೋಡಿ ಬಿದ್ದ ದಿನ ಊರಿನವರೆಲ್ಲ ಏರಿಯ ಮೇಲೆ ಸೇರಿದ್ದರು. ಕೋಡಿಯ ನೀರು ಹಾರುವ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಹೆಂಗಸರು ಗಂಗಮ್ಮನಿಗೆ ಹೂವು ಅರಿಶಿನ ಬಿಟ್ಟು, ಮಡಿಲಿನಿಂದ ಚಿಗಣಿ ಉಂಡೆ ತೆಗೆದು ಹಂಚಿದರು. ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಜನ ಕರಗಿತು. ಮನೆಗೆ ಹೋಗೋಣವೆಂದು ನೋಡಿದರೆ ಅತ್ತೆ ಇಲ್ಲ. ಹುಡುಕಿದೆವು. ಹೊಸದಾಗಿ ತುಂಬಿದ ಜಾಗದ ನಟ್ಟನಡುವೆ, ಒಂದು ಕಡೆ ತುಂಬಿದ ಕೆರೆ, ಇನ್ನೊಂದು ಕಡೆ ಪಟೇಲರ ತೋಟ, ಸೆರಗು ಹಾಸಿಕೊಂಡು ಮಲಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

ಎಬ್ಬಿಸಲು ಕೈ ಚಾಚಿದೆ. ನಮ್ಮವರು ಬೇಡ ಅನ್ನುವ ಹಾಗೆ ತಲೆಯಾಡಿಸಿದರು. ಅತ್ತೆ ಏಳುವವರೆಗೂ ಇಬ್ಬರೂ ಪಕ್ಕದಲ್ಲಿ ಕೂತೆವು. ಅಲೆ ಬಂದು ಏರಿಯ ಕಲ್ಲಿಗೆ ಮೆಲ್ಲಗೆ ಬಡಿಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ನಮ್ಮವರು, ಮಣ್ಣಿನ ಮಾತಲ್ಲದೆ ಬೇರೆ ಮಾತನ್ನು, ನನ್ನ ಚಿಕ್ಕಂದಿನ ಬಗ್ಗೆ, ತಾವಾಗಿಯೇ ಕೇಳಿದರು. ನಾನು ಹೇಳುತ್ತಾ ಹೋದೆ.